ಮಡಿ ಮೂಸೆ

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಫೌಂಡ್ರಿ. ಹದಿನೆಂಟು ವರ್ಷದಿಂದ ತಾಮ್ರದ ಮಿಶ್ರಲೋಹವಾದ ಗನ್‌ಮೆಟಲ್‌ನ ಎರಕವೇ ನಮಗೆ ಅನ್ನ. ಕಾಫಿ ಪಲ್ಪರ್‌ಗೆ ಬುಷ್, ಪಂಪಿಗೆ ಇಂಪೆಲ್ಲರ್, ಇಂಥ ಕೆಲಸಗಳು. ಹೋದ ವರ್ಷ ಮಂಗಳೂರಿನಿಂದ ಒಬ್ಬರು ಡ್ರಾಯಿಂಗ್ ಹಿಡಿದು ಬಂದರು. ಸಮುದ್ರದ ನೀರು ಎತ್ತುವ ಪಂಪಿನ ಬಾಡಿ. ಲೋಹ 70-30 ಕ್ಯುಪ್ರೋನಿಕಲ್, ಅಂದರೆ ಸುಮಾರು 70 ಪಾಲು ತಾಮ್ರಕ್ಕೆ 30 ಪಾಲು ನಿಕಲ್ ಬೆರೆಸಿದ್ದು.

ನಮ್ಮ ಹುಡುಗರು ಅದನ್ನು ಎಂದೂ ಎರೆದಿರಲಿಲ್ಲ. ಹಳೇ 5 ರೂಪಾಯಿ ನಾಣ್ಯ ತೋರಿಸಿದೆ. 9 ಗ್ರಾಂ ತೂಗುವ ಆ ದಪ್ಪ ನಾಣ್ಯ, ನೆನಪಿದೆ ಅಲ್ವಾ? ಅದರಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್. ನೋಡೋಕೆ ಬೆಳ್ಳಗೆ. ಒಬ್ಬ ನಂಬಲೇ ಇಲ್ಲ, ಅರ ತಂದು ಉಜ್ಜಿ ನೋಡಿದ. ಒಳಗೂ ಬಿಳಿ. ತಾಮ್ರ ಮತ್ತು ನಿಕಲ್ ಎಷ್ಟೇ ಪ್ರಮಾಣದಲ್ಲಿ ಸೇರಿಸಿದರೂ ಹಾಲು ನೀರು ಬೆರೆತ ಹಾಗೆ ಒಂದಾಗಿಬಿಡುತ್ತವೆ. ಗಟ್ಟಿಯಾದ ಮೇಲೂ ಬೇರೆಯಾಗುವುದಿಲ್ಲ. ಹಾಗಾಗಿ ಇದನ್ನು ಕಾಯಿಸಿ ನೀರಿಗೆ ಅದ್ದಿ ಗಟ್ಟಿ ಮಾಡೋಕೂ ಆಗಲ್ಲ. ಎರಕದಲ್ಲಿ ಬಂದ ಬಲವೇ ಬಲ.

60 ಕೆಜಿ ಕರಗಿಸುವ ಲೆಕ್ಕ ಹಾಕಿದೆ. ತಾಮ್ರ 40, ನಿಕಲ್ 18. ಉಳಿದ ಎರಡು ಕೆಜಿಯಲ್ಲಿ ಕಬ್ಬಿಣ, ಮ್ಯಾಂಗನೀಸ್, ನಿಯೋಬಿಯಂ, ಚೂರು ಸಿಲಿಕಾನ್. ಈ ಎರಡು ಕೆಜಿಯನ್ನು ಹಗುರವಾಗಿ ನೋಡಬಾರದು. ಕಬ್ಬಿಣ ಇಲ್ಲದಿದ್ದರೆ ರಭಸವಾಗಿ ಹರಿಯುವ ಉಪ್ಪುನೀರು ಲೋಹದ ಮೇಲಿನ ರಕ್ಷಣೆಯ ಪದರವನ್ನು ಕೆರೆದು ಹಾಕುತ್ತದೆ. ನಿಯೋಬಿಯಂ ಇದ್ದರೆ ವೆಲ್ಡಿಂಗ್ ಚೆನ್ನಾಗಿ ಕೂರುತ್ತದೆ. ಅದು ಫೆರೋನಿಯೋಬಿಯಂ ರೂಪದಲ್ಲಿ ಬರುವುದರಿಂದ ಜೊತೆಗೆ ಬರುವ ಕಬ್ಬಿಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ಎರಕ ಜುಲೈನಲ್ಲಿ. ಹೊರಗೆ ಬಿಡದ ಮಳೆ. ನಿಕಲ್ ಕರಗೋದು 1455 ಡಿಗ್ರಿಗೆ, ಹೇಗಪ್ಪಾ ಅಂತ ಹೆದರಿದ್ದೆ. ಆದರೆ 1085ಕ್ಕೆ ಕರಗುವ ತಾಮ್ರದ ಜೊತೆ ಅದೂ ಇಳಿದುಬಿಡುತ್ತದೆ. 1240 ಡಿಗ್ರಿ ಹೊತ್ತಿಗೆ ಪೂರ್ತಿ ನೀರು. ಇನ್ನೂ ನೂರಕ್ಕಿಂತ ಜಾಸ್ತಿ ಏರಿಸಿ ಸುರಿದೆವು.

ಲೇತ್‌ಗೆ ಹಾಕಿದಾಗ ಮೈತುಂಬಾ ಸೂಜಿ ಚುಚ್ಚಿದಂಥ ತೂತು. ತಪ್ಪು ಬೇಗ ಸಿಕ್ಕಿತು. ಅಚ್ಚಿನ ಮರಳು ತೇವವಾಗಿತ್ತು, ತಾಮ್ರದ ತುಂಡುಗಳ ಮೇಲೆ ಪಸೆ ಇತ್ತು. ಕರಗಿದ ಈ ಲೋಹ ತೇವದಿಂದ ಹೈಡ್ರೋಜನ್ ಕುಡಿಯುತ್ತದೆ, ಆರುವಾಗ ಉಗುಳುತ್ತದೆ. ಜೊತೆಗೆ ಗನ್‌ಮೆಟಲ್ ಅಭ್ಯಾಸದಲ್ಲಿ ಮೇಲೆ ಇದ್ದಿಲು ಬೇರೆ ಮುಚ್ಚಿದ್ದೆವು. ನಿಕಲ್ ಇರುವ ಕಡೆ ಅದು ಬೇಡ, ಇಂಗಾಲವೂ ಒಳಗೆ ಸೇರುತ್ತದೆ.

ತೂತು ಕಡಿಮೆ ಇದ್ದ ಒಂದು ಬಾಡಿಯನ್ನು ವೆಲ್ಡಿಂಗ್‌ನಲ್ಲಿ ಮುಚ್ಚಿ ಉಳಿಸೋಣ ಅಂದುಕೊಂಡೆ. ವೆಲ್ಡ್ ಆರುತ್ತಿದ್ದ ಹಾಗೆ ಟಿಕ್ ಅಂತ ಸದ್ದು. ವೆಲ್ಡ್ ಪಕ್ಕದಲ್ಲೇ ಕೂದಲೆಳೆಯ ಬಿರುಕು. ಇನ್ನೊಂದು ಕಡೆ ಹಾಕಿದರೆ ಅಲ್ಲೂ ಅದೇ. ವೆಲ್ಡರ್‌ನ ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಬೆಂಗಳೂರಿನ ಲ್ಯಾಬಿಗೆ ತುಂಡು ಕಳಿಸಿದೆ. ನಿಕಲ್, ಕಬ್ಬಿಣ, ನಿಯೋಬಿಯಂ ಎಲ್ಲಾ ಸರಿ. ಸೀಸ ಮಾತ್ರ ಶೇಕಡಾ 0.08. ಡ್ರಾಯಿಂಗ್‌ನಲ್ಲಿ 0.01ಕ್ಕೇ ಗೆರೆ ಎಳೆದಿದ್ದರು. ನಾನು ಸೀಸ ಹಾಕೇ ಇಲ್ಲವಲ್ಲ! ಎರಡು ದಿನ ತಲೆ ಕೆಟ್ಟಿತ್ತು.

ಕಂಡುಹಿಡಿದವರು ಅಚ್ಚು ಕಟ್ಟುವ ನಮ್ಮ ಹಿರಿಯ ಮೌಲ್ಡರ್. "ಸಾರ್, ಮೂಸೆ ಯಾವುದು?" ಅಂದರು. ಗನ್‌ಮೆಟಲ್ ಕರಗಿಸುವ ಮೂಸೆಯನ್ನೇ ಕೆರೆದು ಬಳಸಿದ್ದೆವು. ನಮ್ಮ ಗನ್‌ಮೆಟಲ್‌ನಲ್ಲಿ ತಾಮ್ರ 85, ತವರ 5, ಸತು 5, ಸೀಸ 5. ಗೋಡೆಗೆ, ತಳಕ್ಕೆ ಅಂಟಿಕೊಂಡಿದ್ದು ಒಂದು ಕೆಜಿ ಅಂದರೂ ಸೀಸ 50 ಗ್ರಾಂ. 60 ಕೆಜಿಗೆ ಲೆಕ್ಕ ಹಾಕಿ, ಸರಿಯಾಗಿ ಆ 0.08 ಬರುತ್ತದೆ. ಕಾಗದದ ಮೇಲೆ ಅದನ್ನು ನೋಡಿ ನಗು ಬಂತು, ಹೊಟ್ಟೆಯೂ ಉರಿಯಿತು. ಈ ಲೋಹದಲ್ಲಿ ಸೀಸ ಬೆರೆಯುವುದಿಲ್ಲ. ಕಣಗಳ ಸಂದಿಯಲ್ಲಿ ಹೋಗಿ ಕೂರುತ್ತದೆ, ಬಿಸಿ ತಾಗಿದಾಗ ಅಲ್ಲೇ ಬಾಯಿ ಬಿಡುತ್ತದೆ.

ಹೊಸ ಮೂಸೆ ತಂದೆ. ಸೌಟು, ಕಲಕುವ ಸರಳು ಕೂಡ ಬೇರೆ. ಅಚ್ಚುಗಳನ್ನು ಟಾರ್ಚ್ ಹಿಡಿದು ಒಣಗಿಸಿದೆವು, ಲೋಹದ ತುಂಡುಗಳನ್ನು ಕುಲುಮೆ ಬಾಯಲ್ಲಿ ಕಾಯಿಸಿಯೇ ಹಾಕಿದೆವು. ಆರುವಾಗ ಜಾಸ್ತಿ ಕುಗ್ಗುತ್ತದೆ ಅಂತ, ಕುಗ್ಗಿದ ಕಡೆಗೆ ಕರಗಿದ ಲೋಹ ಒದಗಿಸುವ ರೈಸರ್ ಕೂಡ ದಪ್ಪ ಮಾಡಿದೆವು. ಟೆಸ್ಟ್ ಬಾರ್ ಎಳೆದು ನೋಡಿದರೆ ಬಲ ಕನಿಷ್ಠ 415 ಮೆಗಾಪ್ಯಾಸ್ಕಲ್ ಬೇಕಿತ್ತು, 440 ಬಂತು. ಹಿಗ್ಗುವಿಕೆ ಶೇಕಡಾ 20 ಸಾಕಿತ್ತು, 26 ಬಂತು. ವೆಲ್ಡರ್ ಈ ಸಲ ನನ್ನ ಮುಂದೆಯೇ ಒಂದು ವೆಲ್ಡ್ ಹಾಕಿ, ಆರುವವರೆಗೂ ಕೈಕಟ್ಟಿ ನಿಂತ. ಸದ್ದಿಲ್ಲ.

ಆ ಮೂಸೆಗೆ ಹುಡುಗರು ಮಡಿ ಮೂಸೆ ಅಂತ ಹೆಸರಿಟ್ಟಿದ್ದಾರೆ. ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿರುತ್ತದೆ. ಕಳೆದ ವಾರ ಒಂದು ಅರ್ಜೆಂಟ್ ಬುಷ್ ಆರ್ಡರ್ ಬಂತು. ಗನ್‌ಮೆಟಲ್ ಮೂಸೆ ಸೀಳಿತ್ತು. "ಇದರಲ್ಲೇ ಒಂದು ಸಲ ಹಾಕೋಣ್ವಾ?" ಅಂತ ನಾನೇ ಬಾಯಿಬಿಟ್ಟು ಕೇಳಿದೆ. ಮೌಲ್ಡರ್ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಫೋನ್ ತೆಗೆದು ಪಾರ್ಟಿಗೆ ಎರಡು ದಿನ ಟೈಮ್ ಕೇಳಿದೆ.