ನಮ್ಮ ತಪ್ಪನ್ನು ಅಳೆಯಲು ಕಲಿತ ನಾಲ್ಕು ತಿಂಗಳು

ದಾರಿಯಿಲ್ಲದ ನೆಲದಲ್ಲಿ ನಕ್ಷೆ ಮತ್ತು ದಿಕ್ಸೂಚಿಗಳನ್ನಷ್ಟೇ ನಂಬಿ ಗಾಡಿ ಓಡಿಸುವ ರ‍್ಯಾಲಿಗೆ ಹೆಸರು ಕೊಟ್ಟಾಗ ನನಗೂ ನನ್ನ ಗೆಳತಿಗೂ ಇದ್ದ ಚಿಂತೆಯೆಲ್ಲ ಗಾಡಿಯದೇ ಆಗಿತ್ತು. ಸಸ್ಪೆನ್ಷನ್ ತಾಳುತ್ತದೆಯೇ, ಎಂಜಿನ್ ಕೆಳಗೆ ರಕ್ಷಣೆಯ ತಗಡು ಬೇಕೇ, ಎರಡನೆಯ ಸ್ಟೆಪ್ನಿಯನ್ನು ಎಲ್ಲಿ ಕಟ್ಟುವುದು ಎಂಬ ಮಾತುಗಳಲ್ಲಿಯೇ ಮೊದಲ ತಿಂಗಳು ಕಳೆಯಿತು. ಅವೆಲ್ಲ ಮಾಡಲೇಬೇಕಾದ ಕೆಲಸಗಳು. ಆದರೆ ಈ ಬಗೆಯ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಮೊರಾಕೊದಲ್ಲಿ 1990ರಿಂದ ನಡೆಯುತ್ತಿರುವ ಮಹಿಳೆಯರ ಗಸೆಲ್ ರ‍್ಯಾಲಿಯಲ್ಲಿರುವಂತೆ, ನಾವು ಹೊರಟಿದ್ದ ಸ್ಪರ್ಧೆಯಲ್ಲಿಯೂ ಚೆಕ್‌ಪಾಯಿಂಟ್‌ಗಳನ್ನೆಲ್ಲ ಮುಟ್ಟಿ ಒಟ್ಟಾರೆ ಕಡಿಮೆ ದೂರ ಓಡಿದವರೇ ಮುಂದಿರುತ್ತಾರೆ; ಜಿಪಿಎಸ್ ಆಗಲಿ ಮೊಬೈಲ್ ಆಗಲಿ ಬಳಸುವಂತಿಲ್ಲ. ಹಾಗಾಗಿ ನಾವು ನಿಜವಾಗಿ ಸಿದ್ಧಗೊಳಿಸಬೇಕಾಗಿದ್ದುದು ನಮ್ಮ ಕಣ್ಣು, ಕೈ ಮತ್ತು ಮಾತುಗಳನ್ನು ಎಂಬುದು ಸ್ವಲ್ಪ ತಡವಾಗಿ ಹೊಳೆಯಿತು.

ಗೆಳತಿ ಚಾಲಕಿ, ನಾನು ನ್ಯಾವಿಗೇಟರ್. ಬಯಲಿನಲ್ಲಿ ಮಾಡಿದ ಮೊದಲ ಅಭ್ಯಾಸದಲ್ಲಿ ಐದು ಕಿಲೋಮೀಟರ್ ಆಚೆಯ ಒಂದು ಗುರುತನ್ನು ಹಿಡಿಯಲು ಹೊರಟು, ಅದು ಸಿಗದೆ, ಸುತ್ತಮುತ್ತ ಹುಡುಕುತ್ತ ಎರಡು ಕಿಲೋಮೀಟರಿಗೂ ಹೆಚ್ಚು ಅಲೆದೆವು. ತಪ್ಪು ನಕ್ಷೆಯದೋ, ದಿಕ್ಸೂಚಿಯದೋ, ಚಾಲಕಿಯದೋ, ನನ್ನದೋ ಎಂದು ಹೇಳಲು ನಮ್ಮಲ್ಲಿ ಯಾವ ಆಧಾರವೂ ಇರಲಿಲ್ಲ. ಅಂದು ಸಂಜೆ ಒಂದು ನೋಟ್‌ಬುಕ್ ತೆರೆದು, ಮುಂದಿನ ಪ್ರತಿ ಅಭ್ಯಾಸದಲ್ಲಿ ಎಷ್ಟು ತಪ್ಪಿದೆವು, ಯಾವ ಕಡೆಗೆ ತಪ್ಪಿದೆವು, ಯಾವ ನೆಲದಲ್ಲಿ ತಪ್ಪಿದೆವು ಎಂದು ಬರೆದಿಡಲು ತೀರ್ಮಾನಿಸಿದೆವು. ನಮ್ಮ ಇಡೀ ಸಿದ್ಧತೆಯಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ.

ದಿಕ್ಕು ಒಂದು ಡಿಗ್ರಿ ತಪ್ಪಿದರೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಸರಿಯುತ್ತೇವೆ. ಎರಡು ಡಿಗ್ರಿ ತಪ್ಪಿ ಐದು ಕಿಲೋಮೀಟರ್ ಹೋದರೆ ಸರಿದಿರುವುದು ಸುಮಾರು 175 ಮೀಟರ್, ಅಂದರೆ ಒಂದು ಸಣ್ಣ ದಿಬ್ಬದ ಹಿಂದೆ ನೆಟ್ಟ ಬಾವುಟ ಕಣ್ಣಿಗೆ ಬೀಳದಿರಲು ಸಾಕಾಗುವಷ್ಟು. ಆದ್ದರಿಂದ ಮೊದಲು ನನ್ನ ಓದಿನ ಪರೀಕ್ಷೆ ನಡೆಯಿತು. ನಕ್ಷೆಯಲ್ಲಿಯೂ ನೆಲದಲ್ಲಿಯೂ ಸ್ಪಷ್ಟವಾಗಿ ಕಾಣುವ ಮೂರು ಗುಡ್ಡಗಳ ದಿಕ್ಕನ್ನು ದಿಕ್ಸೂಚಿಯಿಂದ ಅಳೆದು, ಪ್ರತಿಯೊಂದಕ್ಕೂ 180 ಡಿಗ್ರಿ ಕೂಡಿಸಿ ಅಥವಾ ಕಳೆದು, ನಕ್ಷೆಯ ಮೇಲೆ ಆಯಾ ಗುಡ್ಡದಿಂದ ಗೆರೆ ಎಳೆದರೆ ಮೂರೂ ಗೆರೆಗಳು ನಾವು ನಿಂತ ಜಾಗದಲ್ಲಿ ಸೇರಬೇಕು. ನನ್ನ ಗೆರೆಗಳು ಸೇರಲಿಲ್ಲ. ನಡುವೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ತ್ರಿಕೋನವೊಂದು ಉಳಿಯಿತು. 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಕಾಂತೀಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ನಾನು ಲೆಕ್ಕ ಹಿಡಿದಿದ್ದೆ. ಅದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ನಕ್ಷೆಯ ಅಂಚಿನಲ್ಲಿ ಅಚ್ಚಾದ ವರ್ಷವನ್ನೂ ವಾರ್ಷಿಕ ಬದಲಾವಣೆಯನ್ನೂ ನೋಡಿ ತಿದ್ದಿಯೂ ಇದ್ದೆ. ಗಾಡಿಯ ಕಬ್ಬಿಣ ಸೂಜಿಯನ್ನು ಎಳೆಯದಿರಲೆಂದು ಹತ್ತಾರು ಹೆಜ್ಜೆ ದೂರ ಬಂದೇ ನಿಂತಿದ್ದೆ. ನಾಲ್ಕನೆಯ ಬಾರಿ ಓದುವಾಗ ಗೆಳತಿ, "ನಿನ್ನ ಜೇಬಿನಲ್ಲಿ ಏನಿದೆ?" ಎಂದು ಕೇಳಿದಳು. ಎದೆಯ ಜೇಬಿನಲ್ಲಿ ಮೊಬೈಲ್ ಇತ್ತು, ಅದರ ಕವರಿನ ಮುಚ್ಚಳದಲ್ಲಿ ಬಟಾಣಿ ಗಾತ್ರದ ಅಯಸ್ಕಾಂತವಿತ್ತು. ಅದನ್ನು ಗಾಡಿಯಲ್ಲಿಟ್ಟು ಬಂದು ಮತ್ತೆ ಓದಿದಾಗ ತ್ರಿಕೋನವು ಪೆನ್ಸಿಲಿನ ಮೊನೆಯಷ್ಟಾಯಿತು. ಅಂದಿನಿಂದ ದಿಕ್ಸೂಚಿ ಹಿಡಿಯುವ ಮೊದಲು ಜೇಬು, ಬೆಲ್ಟು, ಕೈಗಡಿಯಾರಗಳನ್ನು ಮುಟ್ಟಿ ನೋಡಿಕೊಳ್ಳುವುದು ನನ್ನ ಅಭ್ಯಾಸವಾಗಿದೆ.

ಚಾಲನೆಯ ತಪ್ಪು ಇನ್ನೊಂದು ಬಗೆಯದು. ದಿಬ್ಬವೋ ಪೊದೆಯೋ ಅಡ್ಡ ಬಂದಾಗ ಗೆಳತಿ ತನಗರಿವಿಲ್ಲದೆ ಬಲಕ್ಕೇ ಬಳಸುತ್ತಿದ್ದಳು ಎಂಬುದನ್ನು ನೋಟ್‌ಬುಕ್ ತೋರಿಸಿಕೊಟ್ಟಿತು. ಹತ್ತು ಓಟಗಳಲ್ಲಿ ಎಂಟು ಬಾರಿ ನಾವು ಗುರಿಯ ಬಲಕ್ಕೇ ತಲುಪಿದ್ದೆವು. ಬಲಕ್ಕೆ ಬಳಸಿದ ಮೇಲೆ ಮುಂದಿನ ಅಡ್ಡಿಯನ್ನು ಎಡದಿಂದ ಬಳಸುವುದೆಂದು ನಿಯಮ ಮಾಡಿಕೊಂಡೆವು. ಸೂಜಿಯನ್ನೇ ನೋಡುತ್ತ ಓಡಿಸುವ ಬದಲು, ನಾನು ಇಳಿದು ದಿಕ್ಕು ಹಿಡಿದು, ಅದೇ ಗೆರೆಯಲ್ಲಿ ದೂರದಲ್ಲಿರುವ ಒಂದು ಬಂಡೆಯನ್ನೋ ಗುಡ್ಡದ ಕೊರಕಲನ್ನೋ ಅವಳಿಗೆ ತೋರಿಸುವುದು, ಅವಳು ಅದನ್ನು ತನ್ನ ಮಾತಿನಲ್ಲಿ ವರ್ಣಿಸಿದ ಮೇಲೆಯೇ ಹೊರಡುವುದು ಎಂದೂ ಗೊತ್ತುಮಾಡಿಕೊಂಡೆವು. "ಆ ಕಪ್ಪು ಬಂಡೆ" ಎಂದು ನಾನು ಹೇಳಿದಾಗ ಅವಳು ಬೇರೊಂದು ಕಪ್ಪು ಬಂಡೆಯನ್ನು ನೋಡುತ್ತಿದ್ದ ಪ್ರಸಂಗಗಳು ಎಷ್ಟೋ. ಇಬ್ಬರಲ್ಲಿ ಯಾರಿಗೇ ಅನುಮಾನ ಬಂದರೂ "ನಿಲ್ಲಿಸು" ಎಂದರೆ ಕಾರಣ ಕೇಳದೆ ನಿಲ್ಲಿಸಬೇಕು, ಮಾತು ಆಮೇಲೆ.

ದೂರದ ಲೆಕ್ಕಕ್ಕೂ ಇದೇ ಎಚ್ಚರ ಬೇಕಾಯಿತು. ನಾವು ಹಾಕಿಸಿದ ಟೈರುಗಳು ಮೂಲ ಟೈರುಗಳಿಗಿಂತ ದೊಡ್ಡವಾಗಿದ್ದುದರಿಂದ, ಕಿಲೋಮೀಟರ್ ಕಲ್ಲುಗಳಿರುವ ರಸ್ತೆಯಲ್ಲಿ 20 ಕಿಲೋಮೀಟರ್ ಓಡಿದಾಗ ಮೀಟರ್ 19.2 ಎಂದಷ್ಟೇ ತೋರಿಸಿತು. ಆದರೆ ಮರಳಿನಲ್ಲಿ ಗಾಳಿ ಇಳಿಸಿದ ಟೈರು ತುಸು ಚಪ್ಪಟೆಯಾಗಿ, ಚಕ್ರವು ಜಾರುತ್ತ ತಿರುಗುವುದರಿಂದ, ಮೀಟರ್ ಅದಕ್ಕೆ ವಿರುದ್ಧವಾಗಿ ಹೆಚ್ಚು ತೋರಿಸತೊಡಗುತ್ತದೆ. ಹೀಗಾಗಿ ಗಟ್ಟಿ ನೆಲಕ್ಕೊಂದು, ಮರಳಿಗೊಂದು ಎಂದು ಎರಡು ಗುಣಕಗಳನ್ನು ಲೆಕ್ಕ ಹಾಕಿ ಡ್ಯಾಶ್‌ಬೋರ್ಡಿಗೆ ಅಂಟಿಸಿದೆವು. ರಸ್ತೆಯಲ್ಲಿ 35 ಪಿಎಸ್‌ಐ ಇರುತ್ತಿದ್ದ ಗಾಳಿಯನ್ನು ಮರಳಿನಲ್ಲಿ 16ಕ್ಕೆ ಇಳಿಸಿ, ಮತ್ತೆ ಗಟ್ಟಿ ನೆಲ ಬಂದೊಡನೆ ಕಂಪ್ರೆಸರಿನಿಂದ ತುಂಬುತ್ತಿದ್ದೆವು. ಇಳಿಸಿದಾಗ ವೇಗವಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ. ಹೂತ ಗಾಡಿಯನ್ನು ಸಲಿಕೆ ಮತ್ತು ಹಲಗೆಗಳಿಂದ ಎತ್ತುವುದನ್ನು ಹಲವು ಬಾರಿ ಮಾಡಿದೆವು. ಎಳೆಯುವ ಹಗ್ಗವನ್ನು ಟ್ರೇಲರ್ ಸಿಕ್ಕಿಸುವ ಲೋಹದ ಗೋಳಕ್ಕೆ ಎಂದಿಗೂ ಕಟ್ಟಬಾರದು, ಅದು ಮುರಿದು ಸಿಡಿದರೆ ಜೀವಕ್ಕೇ ಕುತ್ತು ಎಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳುತ್ತೇನೆ.

ಈ ಅಳತೆಗಳೆಲ್ಲ ಒಟ್ಟಿಗೆ ಉಪಯೋಗಕ್ಕೆ ಬಂದದ್ದು ಕೊನೆಯ ತಿಂಗಳಲ್ಲಿ. ಒಣಹಳ್ಳವೊಂದರ ದಡದಲ್ಲಿರುವ ಚೆಕ್‌ಪಾಯಿಂಟಿಗೆ ನೇರವಾಗಿ ಗುರಿಯಿಟ್ಟು, ಹಳ್ಳ ತಲುಪಿದಾಗ ಬಾವುಟ ಕಾಣದಿದ್ದರೆ, ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯುವುದಿಲ್ಲ. ಅದಕ್ಕಾಗಿ ಬೇಕೆಂದೇ ಎಡಕ್ಕೆ ಗುರಿಯಿಟ್ಟು, ಹಳ್ಳ ಸಿಕ್ಕಿದೊಡನೆ ಬಲಕ್ಕೆ ತಿರುಗುವ ಕ್ರಮವೊಂದಿದೆ. ಎಷ್ಟು ಎಡಕ್ಕೆ ಎಂಬುದೇ ಪ್ರಶ್ನೆ, ಏಕೆಂದರೆ ಸರಿದ ಪ್ರತಿ ಮೀಟರೂ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಮೊದಲು ನಮ್ಮ ತಪ್ಪು ಮೂರು ಡಿಗ್ರಿಯವರೆಗೆ ಇದ್ದಾಗ, ಐದು ಕಿಲೋಮೀಟರಿಗೆ 300 ಮೀಟರ್ ಎಡಕ್ಕೆ ಹಿಡಿಯದೆ ಧೈರ್ಯ ಬರುತ್ತಿರಲಿಲ್ಲ. ರ‍್ಯಾಲಿಗೆ ಎರಡು ವಾರವಿದ್ದಾಗ ನೋಟ್‌ಬುಕ್ಕಿನ ಕೊನೆಯ ಹತ್ತು ಓಟಗಳನ್ನು ನೋಡಿದೆವು. ಯಾವುದರಲ್ಲಿಯೂ ತಪ್ಪು ಒಂದು ಡಿಗ್ರಿ ಮೀರಿರಲಿಲ್ಲ. "ಇನ್ನು ನೂರು ಮೀಟರ್ ಸಾಕಲ್ಲವೇ?" ಎಂದಳು ಗೆಳತಿ. ನಾನು ಡ್ಯಾಶ್‌ಬೋರ್ಡಿನ ಚೀಟಿಯಲ್ಲಿದ್ದ 300ನ್ನು ಹೊಡೆದುಹಾಕಿ 100 ಎಂದು ಬರೆದೆ.