ಎಂಟನೇ ಕ್ಲಾಸಿಗೆ ಬೀಜಗಣಿತ: ನಾನು ಸಂಖ್ಯೆಯಿಂದ ಶುರು ಮಾಡಿದ್ದು

ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಂಟನೇ ತರಗತಿಗೆ ಬರುವ ಮಕ್ಕಳಿಗೆ ಭಾಜ್ಯತೆಯ ನಿಯಮಗಳು ಬಾಯಿಪಾಠ ಇರುತ್ತವೆ. ಅಂಕಿಗಳನ್ನು ಕೂಡಿದ ಮೊತ್ತ 9ರಿಂದ ಭಾಗವಾದರೆ ಆ ಸಂಖ್ಯೆಯೂ ಭಾಗವಾಗುತ್ತದೆ ಅಂತ ಥಟ್ಟನೆ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಮಾತಿಲ್ಲ. ಅದೇ ಮಕ್ಕಳು ಬೀಜಗಣಿತದಲ್ಲಿ 3ಎ + 2ಬಿ ಅಂದರೆ 5ಎಬಿ ಅಂತ ಬರೆಯುತ್ತಾರೆ. ಅಕ್ಷರದ ಹಿಂದೆ ಒಂದು ಸಂಖ್ಯೆ ಇದೆ ಅನ್ನೋದು ಅವರಿಗೆ ಮುಟ್ಟಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡಿಸಲು ಶುರು ಮಾಡಿದೆ.

ಮೊದಲ ಲೆಕ್ಕ ನಮ್ಮ ಗಾಡಿಗಳ ನಂಬರ್ ಪ್ಲೇಟಿನದು. ದಾವಣಗೆರೆಯದ್ದು ಕೆಎ 17, ಪಕ್ಕದ ಚಿತ್ರದುರ್ಗದ್ದು ಕೆಎ 16. 17ನ್ನು ತಿರುಗಿಸಿ ಬರೆದು ಕೂಡಿಸಿ ಅಂದೆ. 17 + 71 = 88. ಹಾಗೇ 16 + 61 = 77. ಎರಡೂ 11ರಿಂದ ಭಾಗವಾಗುತ್ತವೆ. ಆಮೇಲೆ ಮಕ್ಕಳೇ ತಮ್ಮ ತಮ್ಮ ಸಂಖ್ಯೆ ಹಿಡಿದು ಹೊರಟರು. ಒಬ್ಬಳು ಇನ್ನೊಂದನ್ನೂ ಗಮನಿಸಿದಳು. 88ರಲ್ಲಿ 11 ಎಂಟು ಸಲ ಇದೆ, 1 + 7 ಕೂಡ ಎಂಟೇ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಕೇಳಿ ತುಂಬಾ ಖುಷಿಯಾಯಿತು.

"ಸರ್, ಎಷ್ಟು ತಗಂಡ್ರೂ ಬರ್ತೈತಿ. ಇನ್ನೇನ್ ಬೇಕು?" ಅಂತ ಒಬ್ಬ ಕೇಳಿದ. ಈ ಪ್ರಶ್ನೆಗೆ ನಾನು ಯಾವಾಗಲೂ ನಿಂತು ಉತ್ತರ ಕೊಡುತ್ತೇನೆ, ಪಾಠ ಹಿಂದೆ ಬಿದ್ದರೂ ಪರವಾಗಿಲ್ಲ. ಬೋರ್ಡಿನ ಮೇಲೆ ಇನ್ನೊಂದು ಲೆಕ್ಕ ಬರೆದೆ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆ ಕೂಡಿಸಿ, ಮತ್ತೆ 41 ಕೂಡಿಸಿ. 1ಕ್ಕೆ 43, 2ಕ್ಕೆ 47, 3ಕ್ಕೆ 53, 4ಕ್ಕೆ 61. ಎಲ್ಲಾ ಅವಿಭಾಜ್ಯ, ಅಂದರೆ 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದವು. ಗಣಿತಜ್ಞ ಆಯ್ಲರ್ 1772ರಲ್ಲಿ ಇಂಥ ಒಂದು ಸೂತ್ರ ತೋರಿಸಿದ್ದ. ಇದು 39ರವರೆಗೂ ತಪ್ಪುವುದಿಲ್ಲ. 39ಕ್ಕೆ ಬರೋದು 1601. ಅದು ಅವಿಭಾಜ್ಯ ಹೌದೋ ಅಲ್ಲವೋ ಅಂತ ನೋಡಲು 37ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ಯಾಕಂದರೆ 41ರ ವರ್ಗ 1681, ಅದು 1601ನ್ನು ದಾಟುತ್ತದೆ. ಭಾಗಾಕಾರದ ಅಭ್ಯಾಸ ಅಲ್ಲೇ ಆಗಿಹೋಯಿತು. ಆದರೆ 40 ಇಟ್ಟರೆ ಬರೋದು 1681, ಅಂದರೆ 41 × 41. ಅಷ್ಟು ಸಲ ಸರಿ ಬಂದದ್ದು 40ಕ್ಕೆ ಕೈಕೊಟ್ಟಿತು. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆಗ ಎಲ್ಲಾ ಸಂಖ್ಯೆಗೂ ಒಟ್ಟಿಗೆ ತೋರಿಸಲು ಅಕ್ಷರ ಯಾಕೆ ಬೇಕು ಅಂತ ನಾನು ಬೇರೆ ಹೇಳಬೇಕಾಗಲಿಲ್ಲ.

ತಿರುವುಮುರುವು ಲೆಕ್ಕಕ್ಕೆ ವಾಪಸ್ ಬಂದೆವು. ಎರಡಂಕಿ ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯಿರಿ ಅಂದರೆ ಸುಮಾರು ಮಕ್ಕಳು 'ಎಬಿ' ಅಂತ ಬರೆಯುತ್ತಾರೆ. ತಿದ್ದಬೇಡಿ. ಎ ಜಾಗದಲ್ಲಿ 4, ಬಿ ಜಾಗದಲ್ಲಿ 7 ಇಡಿಸಿ. ಎಬಿ ಅಂದರೆ ಗುಣಾಕಾರ, 28 ಬರುತ್ತದೆ, 47 ಅಲ್ಲ. ಸ್ಥಾನಬೆಲೆ ನೆನಪಾಗಿ ಅವರೇ 10ಎ + ಬಿ ಅನ್ನುತ್ತಾರೆ. ತಿರುಗಿಸಿದ್ದು 10ಬಿ + ಎ. ಕೂಡಿದರೆ 11ಎ + 11ಬಿ, ಅಂದರೆ 11(ಎ + ಬಿ). ಆ ಹುಡುಗಿ ಕಂಡ ಎಂಟು ಆವರಣದೊಳಗೇ ಕೂತಿದೆ ನೋಡಿ.

9ರ ನಿಯಮಕ್ಕೂ ಇದೇ ದಾರಿ. 100ಎ + 10ಬಿ + ಸಿಯನ್ನು 99ಎ + 9ಬಿ ಒಂದು ಕಡೆ, ಎ + ಬಿ + ಸಿ ಒಂದು ಕಡೆ ಅಂತ ಬಿಡಿಸಿದರೆ ಕಾರಣ ಕಣ್ಣೆದುರೇ ಇರುತ್ತದೆ. ಮ.ಸಾ.ಅ.ಕ್ಕೆ (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡೂ ಸಂಖ್ಯೆಗಳನ್ನು ಭಾಗಿಸುವ ಅತಿ ದೊಡ್ಡ ಸಂಖ್ಯೆ) ಬೇರೆ ಜಾಸ್ತಿ ಸಮಯ ಕೊಡುವುದಿಲ್ಲ. 12 ಮತ್ತು 18ಕ್ಕೆ ಅದು 6 ಅಂತ ಗೊತ್ತಾದ ಕೂಡಲೇ 12ಎ + 18ಬಿ = 6(2ಎ + 3ಬಿ) ಬರೆಸುತ್ತೇನೆ.

ಒಂದೇ ಥರದ ಲೆಕ್ಕಗಳನ್ನು ಸಾಲಾಗಿ ಮಾಡಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಮನೆಗೆ ಒಂದೇ ಪ್ರಶ್ನೆ ಕೊಟ್ಟೆ: ಮೂರಂಕಿ, ನಾಲ್ಕಂಕಿ ಸಂಖ್ಯೆಗಳನ್ನು ತಿರುಗಿಸಿ ಕೂಡಿದರೂ 11ರಿಂದ ಭಾಗವಾಗುತ್ತದಾ? ಮೂರಂಕಿ ಬೇಗ ಮುಗಿಯಿತು. 123 + 321 = 444, ಭಾಗವಾಗಲ್ಲ. ನಾಲ್ಕಂಕಿಗೆ ಮರುದಿನ ಒಬ್ಬ 1001(ಎ + ಡಿ) + 110(ಬಿ + ಸಿ) ಅಂತ ಬರೆದು ತಂದಿದ್ದ. "ಸರ್, 110 ಸರಿ, 1001 ಭಾಗ ಹೋಗ್ತೈತಾ?" ಅಂತ ಕೇಳುತ್ತಲೇ ಡೆಸ್ಕಿನ ಮೇಲೆ ಭಾಗಿಸಿ 91 ಬರೆದ. ಅವನ ಪಕ್ಕದವಳು ಆಗಲೇ ಐದಂಕಿ ಶುರು ಮಾಡಿದ್ದಳು.