ಏರಿಯಾದಲ್ಲಿ ಕರಾಟೆ ಕ್ಲಾಸು ಶುರು ಮಾಡ್ತೀರಾ? ಮೊದಲು ರಸೀದಿ ಪುಸ್ತಕ ತನ್ನಿ

ತುಮಕೂರಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ಹೊಸದಾಗಿ ಬ್ಲ್ಯಾಕ್ ಬೆಲ್ಟ್ ಆದ ಹುಡುಗರು "ಸರ್, ನಾವೂ ಒಂದು ಕ್ಲಾಸು ಮಾಡ್ಬೇಕು" ಅಂತ ಬರುತ್ತಾರೆ. ಬರುವ ದುಡ್ಡು ಯಾರದು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ ಅನ್ನುತ್ತೇನೆ.

ಒಬ್ಬರೇ ಕಲಿಸಿ ಫೀಸು ನೀವೇ ಇಟ್ಟುಕೊಂಡರೆ ಅದು ನಿಮ್ಮ ಸಂಪಾದನೆ. ತಪ್ಪೇನಿಲ್ಲ, ತೆರಿಗೆ ಲೆಕ್ಕದಲ್ಲಿ ತೋರಿಸಿ. ಆದರೆ ಬೋರ್ಡಿನಲ್ಲಿ 'ಸೇವಾ ಸಂಸ್ಥೆ' ಅಂತ ಬರೆಸಿ, ಫೀಸನ್ನು ಮಾತ್ರ ಸ್ವಂತ ಫೋನ್‌ಪೇಗೆ ಹಾಕಿಸಿಕೊಳ್ಳಬೇಡಿ.

ಸಂಘ ಮಾಡುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಬೇಕು. ಹೆಂಡತಿ, ಭಾವಮೈದ ಅಂತ ಮನೆಯವರನ್ನೇ ತುಂಬಿಸಬೇಡಿ. ಪೋಷಕರಲ್ಲಿ ಒಬ್ಬರು ಬ್ಯಾಂಕಿನವರೋ ಮೇಷ್ಟ್ರೋ ಇದ್ದೇ ಇರುತ್ತಾರೆ, ಅವರನ್ನು ಖಜಾಂಚಿ ಮಾಡಿ. ಪ್ಯಾನ್, ಬ್ಯಾಂಕ್ ಖಾತೆ ಸಂಘದ ಹೆಸರಲ್ಲೇ ಇರಲಿ, ಚೆಕ್ಕಿಗೆ ಇಬ್ಬರ ಸಹಿ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆದು, ಆಡಿಟ್ ಆದ ಲೆಕ್ಕವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ರಿಜಿಸ್ಟ್ರಾರ್ ಆಫೀಸಿಗೆ ಕೊಡಬೇಕು. ನೋಂದಣಿ ಆಯಿತು ಅಂತ ದಾನಿಗಳಿಗೆ ತೆರಿಗೆ ರಿಯಾಯಿತಿ ತಾನಾಗೇ ಸಿಗುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಬೇರೆ ಅನುಮೋದನೆ ಮಾಡಿಸಬೇಕು.

ಹಾಗಂತ ಕರಾಟೆ ಮೇಷ್ಟ್ರು ಪುಕ್ಕಟೆ ದುಡಿಯಬೇಕಾಗಿಲ್ಲ. ಗೌರವಧನ ತಗೊಳ್ಳಿ. ಎಷ್ಟು ಅನ್ನುವುದನ್ನು ನೀವು ಎದ್ದು ಆಚೆ ಹೋದಾಗ ಸಮಿತಿಯವರು ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಲಿ. ಉಳಿದ ದುಡ್ಡನ್ನು ಯಾರೂ ಹಂಚಿಕೊಳ್ಳುವ ಹಾಗಿಲ್ಲ, ಅದು ಮ್ಯಾಟು, ಪ್ಯಾಡಿಗೆ.

ಜಾಗಕ್ಕೆ ಕಲ್ಯಾಣ ಮಂಟಪ ನಂಬಿದರೆ ಮುಹೂರ್ತ ಜಾಸ್ತಿ ಇರುವ ತಿಂಗಳಲ್ಲಿ ಬೀದಿಗೆ ಬರುತ್ತೀರಿ. ಸರ್ಕಾರಿ ಶಾಲೆಯ ಅಂಗಳ ವಾಸಿ, ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಬರಹದಲ್ಲಿರಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ ಅಂತ ಅರ್ಧ ಮಕ್ಕಳು ಬರುವುದಿಲ್ಲ. ಏಪ್ರಿಲ್‌ನ ಬೇಸಿಗೆ ಶಿಬಿರದ ದುಡ್ಡಿನಲ್ಲಿ ಮುಂದಿನ ವರ್ಷದ ಆ ಎರಡು ತಿಂಗಳ ಬಾಡಿಗೆ ಎತ್ತಿಡಿ.

ನಿಜವಾದ ಜಗಳ ಬರುವುದು ಬೆಲ್ಟ್ ಪರೀಕ್ಷೆಯಲ್ಲಿ. ಬಿಳಿಯಿಂದ ಹಳದಿಗೆ 600 ರೂಪಾಯಿ ಅಂತಿಟ್ಟುಕೊಳ್ಳಿ. ಬೆಲ್ಟಿಗೆ 100, ಸರ್ಟಿಫಿಕೇಟು ಮತ್ತು ನಿಮ್ಮ ಕ್ಲಾಸು ಸೇರಿರುವ ಮೇಲಿನ ಕರಾಟೆ ಸಂಸ್ಥೆಗೆ 250, ಪರೀಕ್ಷೆಗೆ ಬರುವ ಸೀನಿಯರ್‌ ಖರ್ಚಿಗೆ 100, ಸಂಘಕ್ಕೆ 150. ಹೀಗೇ ಬಿಡಿಸಿ ಬರೆದು ಗೋಡೆಗೆ ಅಂಟಿಸಿ. ದುಡ್ಡು ಕಟ್ಟಿದವರೆಲ್ಲ ಪಾಸಾಗುವ ಕ್ಲಾಸು ಬೆಲ್ಟಿನ ಅಂಗಡಿ ಅಷ್ಟೆ. ಶೋಟೋಕಾನ್ ಶೈಲಿಯ ಕರಾಟೆಯ ಮೊದಲ ಕಟ (ಕ್ರಮವಾಗಿ ಮಾಡುವ ಪಟ್ಟುಗಳ ಸರಣಿ) ಹೇಯಾನ್ ಶೋದಾನ್ ಮಾಡುವಾಗ ಹಿಂದಿನ ಕಾಲಿನ ಹಿಮ್ಮಡಿ ಪದೇ ಪದೇ ಮೇಲೇಳುತ್ತಿದೆಯಾ? ಮಗುವನ್ನು ಆ ಸಲ ಪಾಸು ಮಾಡದೆ ನಿಲ್ಲಿಸಿ, ಎಲ್ಲಿ ತಪ್ಪಿತು ಅಂತ ಅಪ್ಪ ಅಮ್ಮನಿಗೆ ತೋರಿಸಿ. ಮುಂದಿನ ಸಲ ಫೀಸಿಲ್ಲದೆ ಪರೀಕ್ಷೆ ಮಾಡಿ. ಆಗ ದುಡ್ಡಿನಾಸೆಗೆ ಫೇಲ್ ಮಾಡಿದರು ಅಂತ ಯಾರೂ ಅನ್ನಲ್ಲ ಅಲ್ವಾ?

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೆ 3 ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ಅಂಥ ಕೆಲಸ ಸಿಕ್ಕರೆ ಬಿಡಬೇಡಿ. ಆದರೆ ಹಣ ಖಾತೆಗೆ ಬೀಳುವವರೆಗೂ ಅದನ್ನು ನಂಬಿ ಮ್ಯಾಟು ಆರ್ಡರ್ ಮಾಡಬೇಡಿ. ಹುಡುಗಿಯರ ಬ್ಯಾಚಿಗೆ ಹಿರಿಯ ವಿದ್ಯಾರ್ಥಿನಿಯೊಬ್ಬಳು ಜೊತೆಗಿರಲಿ, ಬಾಗಿಲು ತೆರೆದಿರಲಿ, ಪೋಷಕರು ಯಾವಾಗ ಬೇಕಾದರೂ ಬಂದು ಕೂತು ನೋಡಲಿ.